ಮೋಟಾರಿನ ಮೊದಲ ನಂಬರು

ಫೋನ್ ಬರುವ ಮೊದಲೇ ನಾನು ಫೋನಿನ ಕವರ್ ಕೊಂಡಿದ್ದೆ.

ನಾನಾಗ ಒಂಬತ್ತನೇ ತರಗತಿ. ಆನ್‌ಲೈನ್ ಕ್ಲಾಸುಗಳು ಮುಗಿದು ಶಾಲೆ ಮತ್ತೆ ತೆರೆದಿದ್ದ ವರ್ಷ. ತುಮಕೂರಿನ ಶಿರಾ ಗೇಟ್ ಹತ್ತಿರ, ನಾನು ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ, ಒಬ್ಬರು ತಳ್ಳುಗಾಡಿಯ ಮೇಲೆ ಕವರು, ಚಾರ್ಜರು, ಇಯರ್‌ಫೋನು ಮಾರುತ್ತಿದ್ದರು. ಮಾಡೆಲ್ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿದೆ.

"ಫೋನ್ ಕೊಡಮ್ಮ, ಹಾಕಿ ನೋಡೋಣ" ಅಂದರು.

"ಮನೇಲಿದೆ" ಅಂದೆ.

ಮನೆಯಲ್ಲಿ ಇರಲಿಲ್ಲ. ಅದು ಕುಣಿಗಲ್‌ನಲ್ಲಿತ್ತು, ನನ್ನ ಸೋದರತ್ತೆಯ ಬ್ಯಾಗಿನಲ್ಲಿ. ಅತ್ತೆ ಅಪ್ಪನ ಅಕ್ಕ. ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಕೆಲಸ. ನಮ್ಮ ವಂಶದಲ್ಲಿ ಯಾವುದಾದರೂ ತೀರ್ಮಾನ ಆಗಬೇಕಾದರೆ ಕೊನೆಯ ಮಾತು ಅವರದು. ಆ ಬೇಸಿಗೆ ರಜೆಯಲ್ಲಿ ನಾನು ಹದಿನೈದು ದಿನ ಅವರ ಮನೆಯಲ್ಲಿದ್ದೆ. ಸಂಜೆ ಕೆರೆ ಏರಿಯ ಮೇಲೆ ನಡೆಯುವಾಗ ಅವರ ಫೋನಿನಲ್ಲಿ ನೀರಿನ ಫೋಟೋ ತೆಗೆಯುತ್ತಿದ್ದೆ. ಎಷ್ಟು ತೆಗೆದರೂ ಅತ್ತೆ ಸಾಕು ಅನ್ನಲಿಲ್ಲ. ಒಂದು ಸಂಜೆ, ಫೋನನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ, "ನಾನೊಂದು ಹೊಸದು ತಗೋಬೇಕು ಕಣೇ. ಆಮೇಲೆ ಇದು ನಿಂದೇ" ಅಂದರು. ಆ ವಾಕ್ಯವನ್ನು ರಾತ್ರಿ ದಿನಚರಿಯಲ್ಲಿ ತಾರೀಖಿನ ಸಮೇತ ಇಳಿಸಿದೆ. ಯಾರು ಯಾವ ದಿನ ಏನು ಒಪ್ಪಿಕೊಂಡರು ಎಂದು ಬರೆದಿಡುವುದು ಐದನೇ ತರಗತಿಯಿಂದ ನನಗಿರುವ ಅಭ್ಯಾಸ.

ಕವರು ನವಿಲು ನೀಲಿ. ಅದನ್ನು ಜಾಮಿಟ್ರಿ ಬಾಕ್ಸಿನ ಪಕ್ಕ, ಪುಸ್ತಕಗಳ ಹಿಂದೆ ಇಟ್ಟುಕೊಂಡೆ. ಆಗಾಗ ತೆಗೆದು ಅದರೊಳಗೆ ಒಂದು ಸಣ್ಣ ನೋಟ್‌ಪ್ಯಾಡ್ ಸೇರಿಸಿ ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ತೂಕ ಸರಿಯಾಗಿ ಬರುತ್ತಿರಲಿಲ್ಲ.

ನಮ್ಮ ತರಗತಿಯಲ್ಲಿ ಸ್ವಂತ ಫೋನ್ ಇರುವವರ ಲೆಕ್ಕವನ್ನು ನಾನು ಗೀಟು ಹಾಕಿ ಇಡುತ್ತಿದ್ದೆ. ನಾಲ್ಕು ಗೀಟು, ಅದರ ಮೇಲೊಂದು ಅಡ್ಡಗೀಟು. ಶಾಲೆ ತೆರೆದ ಮೇಲೆ ಗೀಟುಗಳು ಬೇಗ ಬೇಗ ಹೆಚ್ಚಾದವು. ನನ್ನ ಗೆಳತಿಯರ ಮೆಸೇಜುಗಳು ಅಮ್ಮನ ಫೋನಿಗೆ ಬರುತ್ತಿದ್ದವು. ಎಲ್ಲವೂ "ಆಂಟಿ, ಸ್ವಲ್ಪ ಅವಳಿಗೆ ಕೊಡ್ತೀರಾ" ಎಂದೇ ಶುರು. ನನ್ನ ಹುಟ್ಟುಹಬ್ಬದ ಹಾರೈಕೆಗಳನ್ನು ನನಗಿಂತ ಮೊದಲು ಅಮ್ಮ ಓದಿ, ತಾನೇ ಎಲ್ಲರಿಗೂ ಕೈ ಮುಗಿಯುವ ಚಿತ್ರ ಕಳಿಸಿಬಿಟ್ಟಿದ್ದರು. ಅಪ್ಪನನ್ನು ಕೇಳಿದರೆ "ಎಸ್ಸೆಸ್ಸೆಲ್ಸಿ ಆಗ್ಲಿ" ಅನ್ನುತ್ತಿದ್ದರು. ಅಪ್ಪ ನಗರದಲ್ಲೇ ಗುಮಾಸ್ತರು. ಅವರ ಮಟ್ಟಿಗೆ ಪ್ರತಿಯೊಂದು ಅರ್ಜಿಗೂ ಒಂದು ಕಾಯುವ ಅವಧಿ ಇರಲೇಬೇಕು.

ಆದರೆ ಅತ್ತೆಯ ಮಾತಿನ ಮುಂದೆ ಅಪ್ಪನ ಅವಧಿ ನಡೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಕವರ್ ಕೊಂಡೆ.

ಅತ್ತೆ ಹೊಸ ಫೋನ್ ತೆಗೆದುಕೊಂಡ ಸುದ್ದಿ ಬಂದ ವಾರವೇ ನಾವೆಲ್ಲ ಕಡಬದಲ್ಲಿ ಸೇರಿದೆವು. ಗುಬ್ಬಿ ತಾಲ್ಲೂಕಿನ ಕಡಬ ನಮ್ಮ ಊರು. ಅಲ್ಲಿನ ತೆಂಗಿನ ತೋಟ ಅಪ್ಪ, ಚಿಕ್ಕಪ್ಪ, ಅತ್ತೆ ಮೂವರಿಗೂ ಸೇರಿದ್ದು. ನೋಡಿಕೊಳ್ಳುವವರು ಚಿಕ್ಕಪ್ಪ. ಆ ವರ್ಷ ಅವರು ಗುಬ್ಬಿಯ ಒಂದು ಶಾಲೆಯಲ್ಲಿ ಬಸ್ ಡ್ರೈವರ್ ಕೆಲಸಕ್ಕೆ ಸೇರಿದ್ದರು. ತೋಟದ ಬೋರ್‌ವೆಲ್ಲಿಗೆ ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಸರಿಯಾಗಿ ಅವರು ಸ್ಟೇರಿಂಗ್ ಹಿಡಿದಿರುತ್ತಿದ್ದರು. ಹಾಗಾಗಿ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸುವುದು ಎಂದಾಯಿತು. ಪಂಪ್ ಮನೆಯ ಗೋಡೆಗೆ ಒಂದು ಡಬ್ಬಿ, ಅದರೊಳಗೊಂದು ಸಿಮ್ಮು. ಕರೆಂಟು ಬಂದ ಕೂಡಲೇ ಡಬ್ಬಿಯೇ ನಮಗೆ ಫೋನ್ ಮಾಡುತ್ತದೆ. ಎತ್ತಿದರೆ ಒಬ್ಬ ಹೆಂಗಸಿನ ದನಿ: ಕರೆಂಟು ಬಂದಿದೆ, ಮೋಟಾರ್ ಶುರು ಮಾಡಲು ಒಂದನ್ನು ಒತ್ತಿ.

ಡಬ್ಬಿ ಕೂರಿಸಲು ಬಂದಿದ್ದವರು ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದರು: "ಐದ್ ನಂಬರ್ ಹಾಕ್ಬೌದು. ಕರೆಂಟ್ ಬಂದಾಗ ಫೋನ್ ಹೋಗೋದು ಮೊದಲ್ನೇ ನಂಬರ್‌ಗೆ ಮಾತ್ರ. ಯಾರ್ದು ಹಾಕ್ಲಿ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಂದು ಆಗಲ್ಲ" ಅಂದರು ಚಿಕ್ಕಪ್ಪ. "ಮಕ್ಳನ್ನ ಕೂರಿಸ್ಕೊಂಡು ಫೋನ್ ಮುಟ್ಟಿದ್ರೆ ಅವತ್ತೇ ಮನೆಗೆ ಕಳಿಸ್ತಾರೆ."

ಚಿಕ್ಕಮ್ಮ ಆಶಾ ಕಾರ್ಯಕರ್ತೆ. "ನನ್ ಫೋನ್ ಹಗಲೆಲ್ಲ ಎಂಗೇಜು. ಯಾರಿಗೆ ಬಿಪಿ, ಯಾರಿಗೆ ಇಂಜೆಕ್ಷನ್ನು, ಅದ್ರಲ್ಲೇ ಹೋಗ್ತದೆ. ಮೋಟ್ರು ಎಲ್ಲಿ ಕಾಯ್ತದೆ?" ಅಂದರು.

ತಾತನಿಗೆ ಎದುರಿಗೆ ನಿಂತು ಜೋರಾಗಿ ಹೇಳಿದರೆ ಕೇಳುತ್ತದೆ. ಫೋನಿನಲ್ಲಿ ಹೇಳಿದ್ದು ಕೇಳುವುದಿಲ್ಲ. ಅಜ್ಜಿಗೆ ಫೋನ್ ಎತ್ತಿ ಮಾತಾಡುವುದು ಬಿಟ್ಟರೆ ನಂಬರು ಒತ್ತಲು ಬಾರದು. ಅಪ್ಪ ಹಗಲೆಲ್ಲ ತುಮಕೂರಿನ ಕಚೇರಿಯಲ್ಲಿ. ಅತ್ತೆ ಕುಣಿಗಲ್ ಕಚೇರಿಯಲ್ಲಿ.

ನನ್ನ ಲೆಕ್ಕದಲ್ಲಿ ಉಳಿದವರು ಇಬ್ಬರು. ನಾನು, ಮತ್ತು ಚಿಕ್ಕಪ್ಪನ ಮಗಳು. ಅವಳು ನನಗಿಂತ ಎರಡು ವರ್ಷ ಚಿಕ್ಕವಳು, ಏಳನೇ ತರಗತಿ. ಪಂಪ್ ಮನೆಯ ಮೆಟ್ಟಿಲ ಮೇಲೆ ಕೂತು ಎಳೆ ಹುಣಸೆಕಾಯಿ ಜಗಿಯುತ್ತಿದ್ದಳು. ಅತ್ತೆ ಬ್ಯಾಗಿನ ಜಿಪ್ಪು ಎಳೆದು ಹಳೆಯ ಫೋನನ್ನು ಹೊರಗೆ ತೆಗೆದರು. ನನ್ನ ಚೀಲದಲ್ಲಿ ಕವರಿತ್ತು. ಅದನ್ನು ಊರಿಗೆ ತಂದಿದ್ದೆ.

ಅತ್ತೆ ಇಬ್ಬರನ್ನೂ ಕರೆದು ನಿಲ್ಲಿಸಿಕೊಂಡರು. "ಮೋಟ್ರು ಫೋನ್ ಮಾಡ್ತು ಅಂತ ಇಟ್ಕೊಳ್ಳಿ. ಏನ್ ಮಾಡ್ತೀರಾ?"

"ಒಂದು ಒತ್ತೋದು" ಅಂದೆ ನಾನು. ಡಬ್ಬಿಯವರು ಆಗ ತಾನೇ ಹೇಳಿದ್ದರಲ್ಲ.

ಅವಳು ಹುಣಸೆಕಾಯಿಯನ್ನು ಕೆನ್ನೆಯ ಒಂದು ಬದಿಗೆ ತಳ್ಳಿಕೊಂಡು, "ಹೋಗ್ ನೋಡ್ಕೊಂಡ್ ಬರ್ತೀನಿ" ಅಂದಳು.

"ಏನ್ ನೋಡ್ತೀಯ?"

"ಪೈಪು. ಯಾರಾನ ಬಿಚ್ಚಿದ್ರೆ?"

ನನಗೆ ನಗು ಬಂತು. ಹೋಗಿ ನೋಡುವುದೇ ಆದರೆ ಡಬ್ಬಿ ಯಾಕೆ? ಅಲ್ಲೇ ಗುಂಡಿ ಒತ್ತಿ ಬರಬಹುದಲ್ಲ. ಆದರೆ ಬೇರೆ ಯಾರೂ ನಗಲಿಲ್ಲ. ಅತ್ತೆ ಫೋನನ್ನು ಅವಳ ಕೈಗಿಟ್ಟರು.

"ಅವಳಿನ್ನೂ ಏಳನೇ ಕ್ಲಾಸು" ಅಂದೆ. ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು, "ಅದು ಫೋನಲ್ಲ ಕಣಮ್ಮ. ಮೋಟ್ರು ಸ್ವಿಚ್ಚು ಅನ್ಕೊ" ಅಂದರು.

ಅತ್ತೆ ನನ್ನ ಕಡೆ ನೋಡಿ, "ನಿಂಗೆ ಇನ್ನೊಂದು ಮಾಡೋಣ ಬುಡು" ಅಂದರು. ಕೆರೆ ಏರಿಯ ಮೇಲೆ ಆಡಿದ್ದ ಮಾತು ಅವರಿಗೆ ನೆನಪಿತ್ತು ಎಂದು ಆ ನೋಟದಿಂದಲೇ ನನಗೆ ತಿಳಿಯಿತು. ಮರೆತಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಮೋಟಾರ್ ಸ್ವಿಚ್ಚು ಎರಡು ವಾರದೊಳಗೆ ವಾಟ್ಸ್ಯಾಪಿಗೆ ಬಂತು. ಕರುವಿನ ಕೊರಳು ತಬ್ಬಿಕೊಂಡ ಚಿತ್ರ, ಕೆಳಗೆ ಅವಳ ಹೆಸರು. ಅಮ್ಮನ ಫೋನನ್ನು ಅಪ್ಪನ ಮುಂದೆ ಹಿಡಿದೆ. "ಸ್ವಿಚ್ಚಿಗೆ ಡಿಪಿ ಇರುತ್ತಾಪ್ಪ?"

ಅಪ್ಪ ಕನ್ನಡಕ ಮೇಲೇರಿಸಿ ನೋಡಿದರು. "ಕರು ಚೆನ್ನಾಗೈತೆ" ಅಂದರು.

ದಿನಾ ಬೆಳಿಗ್ಗೆ ಅಮ್ಮನ ಫೋನಿಗೆ ಗುಲಾಬಿ ಹೂವಿನ ಚಿತ್ರದ ಶುಭೋದಯ ಬರುತ್ತಿತ್ತು. ಕೆಳಗೆ "ಅಕ್ಕಂಗೆ ತೋರ್ಸಿ ದೊಡ್ಡಮ್ಮ" ಎಂಬ ಸಾಲು. ಹಂಗಿಸಲು ಕಳಿಸುತ್ತಾಳೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ದಿನಚರಿಯಲ್ಲಿ ಅವಳಿಗೇ ಒಂದು ಪುಟ ತೆರೆದು ಅಲ್ಲಿಗೂ ಗೀಟುಗಳನ್ನು ತಂದೆ: ಒಂದೊಂದು ಗುಲಾಬಿಗೆ ಒಂದೊಂದು ಗೀಟು. ಅವಳ ಸ್ಟೇಟಸ್ಸುಗಳಿಗೆ ಪ್ರತ್ಯೇಕ. ತೋಟದಲ್ಲಿ ಬಿದ್ದ ಗರಿಯ ಫೋಟೋ, ತಾತ ನಿದ್ದೆ ಮಾಡುತ್ತಿರುವ ಫೋಟೋ, ಬಸ್ಸಿನ ಕಿಟಕಿಯಿಂದ ಕಂಡ ಗುಬ್ಬಿ ಪೇಟೆ. ಒಂದು ಸಲ ಕುಣಿಗಲ್ ಕೆರೆಯ ಫೋಟೋ ಬಂತು. ಅತ್ತೆಯ ಮನೆಗೆ ಹೋಗಿದ್ದಳು. ನಾನು ನಿಲ್ಲುತ್ತಿದ್ದ ಜಾಗದಿಂದಲೇ ತೆಗೆದಿದ್ದಳು, ಅದೇ ಫೋನಿನಲ್ಲಿ.

ಆ ವರ್ಷದ ದಸರಾ ರಜೆಯಲ್ಲಿ ಕಡಬಕ್ಕೆ ಹೋದಾಗ ನಾನು ಅವಳ ಬೆನ್ನು ಬಿಡಲಿಲ್ಲ. ಪ್ರೀತಿಯಿಂದ ಎಂದು ಎಲ್ಲರೂ ತಿಳಿದರು. ನನಗೆ ಅವಳು ಆ ಫೋನನ್ನು ಹೇಗೆ ಹಿಡಿಯುತ್ತಾಳೆ, ಎಲ್ಲಿಡುತ್ತಾಳೆ, ಯಾವಾಗ ಮರೆಯುತ್ತಾಳೆ ಎಂದು ನೋಡಬೇಕಾಗಿತ್ತು. ಮರೆತರೆ ಸಾಕು, ಹಿರಿಯರ ಮುಂದೆ ಹೇಳಬಹುದಿತ್ತು. ಅವಳು ಮರೆಯಲಿಲ್ಲ. ಶಾಲೆಗೆ ಒಯ್ಯುವಂತಿಲ್ಲವಾದ್ದರಿಂದ ಹಗಲು ಅದು ಅಜ್ಜಿಯ ಕೈಯಲ್ಲಿರುತ್ತಿತ್ತು. ಆ ಹೊತ್ತಿನಲ್ಲಿ ಕರೆಂಟು ಬಂದರೆ ಅಜ್ಜಿ ತಾತನನ್ನು ತೋಟಕ್ಕೆ ಓಡಿಸುತ್ತಿದ್ದರು. ಬೆಳಿಗ್ಗೆ, ಸಂಜೆ, ರಜೆಯ ದಿನಗಳಲ್ಲಿ ಅವಳದು.

ಒಂದು ಬೆಳಿಗ್ಗೆ ಇಬ್ಬರೂ ಹಿತ್ತಲಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದೆವು. ಫೋನ್ ಬಡಿದುಕೊಂಡಿತು. ಪರದೆಯ ಮೇಲೆ "ಮೋಟ್ರಣ್ಣ" ಎಂದಿತ್ತು.

"ಡಬ್ಬಿಲಿ ಮಾತಾಡೋದು ಹೆಂಗಸು ಕಣೇ, ಅಣ್ಣ ಅಂತ ಯಾಕೆ ಹಾಕಿದ್ದೀಯಾ?" ಅಂದೆ.

"ಅವಳು ಮೋಟ್ರಣ್ಣನ ಹೆಂಡ್ತಿ. ಅಣ್ಣ ಮಾತಾಡಲ್ಲ, ಕೆಲ್ಸ ಮಾಡ್ತಾನೆ" ಅಂದಳು. ಆಮೇಲೆ ಅವಳು ಮಾಡಿದ್ದನ್ನು ನೋಡಿ ನನಗೆ ಮೈಯುರಿಯಿತು. ಫೋನನ್ನು ಎತ್ತಲೇ ಇಲ್ಲ. ಅದು ಬಡಿದುಕೊಳ್ಳುತ್ತಿದ್ದರೂ ಮೊರಕ್ಕೆ ಸಿಪ್ಪೆ ಕೊಡವಿ, ಕೈ ಒರೆಸಿಕೊಂಡು, ಬರಿಗಾಲಲ್ಲಿ ನಿಧಾನಕ್ಕೆ ತೋಟದ ಕಡೆ ಹೊರಟಳು. ದಾರಿಯಲ್ಲಿ ಸದ್ದು ನಿಂತಿತು. ನಾನು ಹಿಂದೆಯೇ ಹೋದೆ. ಅವಳು ಪೈಪಿನ ಗುಂಟ ನಡೆದಳು, ಒಂದು ವಾಲ್ವು ತಿರುಗಿಸಿದಳು, ಒಂದು ತೆಂಗಿನ ಪಾತಿಯಲ್ಲಿ ಮಲಗಿದ್ದ ನಾಯಿಯನ್ನು ಕಾಲಲ್ಲಿ ಮೆಲ್ಲಗೆ ನೂಕಿ ಎಬ್ಬಿಸಿದಳು. ಫೋನ್ ಮತ್ತೆ ಬಡಿದುಕೊಂಡಿತು. ಆಗ ಎತ್ತಿದಳು.

"ನಾನ್ ಒತ್ಲಾ ಒಂದ್ಸಲ?" ಕೇಳಿದ್ದು ನಾನೇ. ಕೇಳಬಾರದು ಎಂದುಕೊಂಡಿದ್ದೆ.

ಕೊಟ್ಟಳು. ಒತ್ತಿದೆ. ಮೋಟಾರ್ ಶುರುವಾಗಿದೆ ಎಂದಿತು ಆ ದನಿ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನೆಲದಡಿಯ ಪೈಪಿನಲ್ಲಿ ಗಾಳಿ ಕೆಮ್ಮುತ್ತಾ ಬಂದು, ನಾಯಿ ಮಲಗಿದ್ದ ಪಾತಿಯಲ್ಲಿ ನೀರು ಉಕ್ಕಿತು. ನನ್ನ ಹೆಬ್ಬೆರಳಿನಿಂದ ನೀರು ಬಂದಿತ್ತು. ಅವಳಿಗೆ ಇದು ದಿನಾ ಸಿಗುತ್ತದಲ್ಲ ಎಂಬುದಷ್ಟೇ ನನಗೆ ಹೊಳೆದದ್ದು. ಆ ರಾತ್ರಿ ಬರೆದೆ: "ಮೋಟಾರನ್ನೂ ಕಾಯಿಸುತ್ತಾಳೆ. ಅಷ್ಟು ಧಿಮಾಕು."

ಎಸ್ಸೆಸ್ಸೆಲ್ಸಿ ಆಯಿತು. ಅಪ್ಪ "ಪಿಯುಸಿ ಆಗ್ಲಿ" ಅಂದರು. ನಾನು ದಿನಚರಿ ತಂದು, ಅವರು ಎಸ್ಸೆಸ್ಸೆಲ್ಸಿ ಎಂದಿದ್ದ ಪುಟ ತೆರೆದು ಮುಂದಿಟ್ಟೆ. ಅಪ್ಪ ಓದಿ, "ಅಕ್ಷರ ದುಂಡಗೈತೆ" ಎಂದು ಹಿಂದಕ್ಕೆ ಕೊಟ್ಟರು. ಅಮ್ಮ ಅಡುಗೆಮನೆಯಿಂದಲೇ, "ಓದೋ ಹುಡ್ಗಿ ಕೈಗೆ ಫೋನ್ ಯಾಕೆ, ಬೇಕಾದಾಗ ನಂದು ಇದ್ಯಲ್ಲ" ಅಂದರು. ಕಾಲೇಜಿನಲ್ಲಿ ಗೀಟು ಹಾಕುವುದನ್ನು ನಿಲ್ಲಿಸಿದೆ. ಫೋನ್ ಇಲ್ಲದವರನ್ನು ಎಣಿಸುವುದೇ ಸುಲಭವಾಗಿತ್ತು. ನನ್ನನ್ನು ಸೇರಿಸಿ ಒಂದು ಬೆಂಚಿಗೂ ಸಾಲುತ್ತಿರಲಿಲ್ಲ. ಕವರ್ ಹಾಗೇ ಇತ್ತು. ಅದರಲ್ಲಿ ಬಸ್ ಪಾಸ್ ಇಟ್ಟುಕೊಳ್ಳೋಣ ಅನ್ನಿಸಿದರೂ ಇಡಲಿಲ್ಲ.

ನನ್ನ ಪಿಯುಸಿ ಮುಗಿದ ಬೇಸಿಗೆಯಲ್ಲೇ ಅವಳ ಎಸ್ಸೆಸ್ಸೆಲ್ಸಿಯೂ ಮುಗಿಯಿತು. ನಾನು ಅಪ್ಪನ ಮುಂದೆ ನಿಂತೆ. ಅವರು ಈ ಸಲ ಅವಧಿ ಹೇಳಲಿಲ್ಲ. "ಅಕ್ಕನ್ನ ಒಂದ್ ಮಾತು ಕೇಳೋಣ" ಅಂದರು.

ಅತ್ತೆ ಕುಣಿಗಲ್‌ನಿಂದ ಬಂದರು. ಬರುವಾಗ ಕಡಬದ ಹುಡುಗಿಯನ್ನೂ ಕರೆತಂದಿದ್ದರು. ಅವಳಿಗೆ ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಹಾಸ್ಟೆಲ್ ಸಮೇತ ಸೀಟು ಸಿಕ್ಕಿತ್ತು. ಹಾಸ್ಟೆಲಿನಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಮನೆಯ ಹಾಲಿನಲ್ಲಿ, ಟ್ರಂಕಿನ ಪಕ್ಕ ನಿಂತುಕೊಂಡು ಅವಳು ಫೋನನ್ನು ಅತ್ತೆಗೆ ಕೊಟ್ಟಳು. ಅತ್ತೆ ಅದನ್ನು ನನಗೆ ಕೊಟ್ಟರು.

"ತಗೊ. ಅವತ್ತು ಹೇಳಿದ್ನಲ್ಲ ನಿಂದೇ ಅಂತ" ಅಂದರು. "ಸಿಮ್ಮು ಅದೇ ಇರ್ಲಿ. ಮೋಟ್ರಿಗೆ ಮೊದಲ್ನೇ ನಂಬರ್ ಅದೇ. ಇನ್ಮೇಲೆ ನೀನು ನೋಡ್ಕೊ. ಇಲ್ಲಿಂದ್ಲೇ ಒತ್ತಿದ್ರೂ ಆಗುತ್ತೆ."

ಪರದೆಯ ಒಂದು ಮೂಲೆ ಬಿರುಕು ಬಿಟ್ಟಿತ್ತು. ಹಿಂಭಾಗದಲ್ಲಿ ಕರುವಿನ ಸ್ಟಿಕ್ಕರು. ಅಕ್ಕಂದಿರು ಬಳಸಿದ್ದು ತಂಗಿಯರಿಗೆ ಹೋಗುವುದನ್ನು ಕಂಡಿದ್ದೇನೆ, ಫ್ರಾಕು, ಸೈಕಲ್ಲು, ಗೈಡು. ತಂಗಿ ಬಳಸಿದ್ದು ಅಕ್ಕನಿಗೆ ಬಂದದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಆದರೂ ಎರಡೂ ಕೈ ಚಾಚಿ ತೆಗೆದುಕೊಂಡೆ. ಕೋಣೆಗೆ ಹೋಗಿ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆದೆ, ಬಟ್ಟೆಯಿಂದ ಒರೆಸಿದೆ, ಪುಸ್ತಕದ ಹಿಂದಿನಿಂದ ನೀಲಿ ಕವರ್ ತಂದು ಹಾಕಿದೆ. ಟಪ್ ಎಂದು ಕೂತಿತು.

ಹೆಸರೊಂದನ್ನು ಬದಲಿಸಿದೆ. "ಮೋಟ್ರಣ್ಣ" ತೆಗೆದು "ಕಡಬ ಬೋರ್‌ವೆಲ್" ಎಂದು ಹಾಕಿದೆ.

ಮೊದಲ ಕೆಲವು ದಿನ ಕಾಲೇಜಿಗೆ ರಜೆಯಿತ್ತು, ಎಲ್ಲವೂ ಸಲೀಸಾಗಿ ನಡೆಯಿತು. ಚಿಕ್ಕಮ್ಮ ಬೆಳಿಗ್ಗೆಯೇ ವಾಲ್ವು ತಿರುಗಿಸಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಬೋರ್‌ವೆಲ್ ಫೋನ್ ಮಾಡಿದ ಕೂಡಲೇ ನಾನು ಎತ್ತುತ್ತಿದ್ದೆ, ಒತ್ತುತ್ತಿದ್ದೆ, ಹೊತ್ತು ಬರೆದಿಡುತ್ತಿದ್ದೆ. ತುಮಕೂರಿನ ಮಹಡಿಯ ಮೇಲೆ ನಿಂತು ಕಡಬದ ತೆಂಗಿಗೆ ನೀರು ಬಿಡುತ್ತಿದ್ದೆ. ಅವಳಂತೆ ಕಾಯಿಸುತ್ತಿರಲಿಲ್ಲ. ಎರಡನೇ ಸಲ ಬಡಿದುಕೊಳ್ಳಲು ನಾನು ಬಿಟ್ಟದ್ದೇ ಇಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು.

ಡಿಗ್ರಿ ಕ್ಲಾಸು ಶುರುವಾದ ಎರಡನೇ ವಾರ, ಒಂದು ಮಂಗಳವಾರ, ಪಾಠ ನಡೆಯುವಾಗ ಫೋನ್ ನಡುಗಿತು. ಡೆಸ್ಕಿನ ಕೆಳಗೆ ಎತ್ತಿ, ಒಂದನ್ನು ಒತ್ತಿ, ಬ್ಯಾಗಿಗೆ ಹಾಕಿದೆ. ಮಧ್ಯಾಹ್ನ ಚಿಕ್ಕಮ್ಮನ ಫೋನ್ ಬಂತು.

"ಮೋಟ್ರು ಹಾಕಿದ್ದೀಯೇನವ್ವ?"

"ಹೂಂ ಚಿಕ್ಕಮ್ಮ, ಹತ್ತು ಗಂಟೆಗೇ."

ಅವರು ನಡೆದದ್ದನ್ನು ಹೇಳಿದರು. ಹಿಂದಿನ ಸಂಜೆ ಚಿಕ್ಕಪ್ಪ ಪೈಪಿನ ಒಂದು ಜಾಯಿಂಟು ಬಿಚ್ಚಿ ಗುಬ್ಬಿಗೆ ಒಯ್ದಿದ್ದರು, ಹೊಸದು ತರಲು. ಪಂಪ್ ಮನೆಯ ಮುಂದಿನ ಸಿಮೆಂಟು ಕಣದಲ್ಲಿ ಚಿಕ್ಕಮ್ಮ ಮಿಲ್ಲಿಗೆ ಹಾಕಿಸಲು ರಾಗಿ ಹರವಿದ್ದರು. ನೀರು ಮೊದಲು ಅಲ್ಲಿಗೇ ನುಗ್ಗಿತ್ತು. ತಾತ ಮನೆಯ ಜಗುಲಿಯಲ್ಲೇ ಇದ್ದರು, ಸದ್ದು ಕೇಳಿಸಿರಲಿಲ್ಲ.

"ಎಷ್ಟು ಹೋಯ್ತು ಚಿಕ್ಕಮ್ಮ?"

"ಅಯ್ಯೋ ಬುಡು. ಕೋಳಿಗಳಿಗೆ ಹಬ್ಬ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಚಿಕ್ಕಪ್ಪನೂ ಬೈಯಲಿಲ್ಲ. ಆದರೆ ಎರಡು ದಿನಗಳ ನಂತರ ಅತ್ತೆ ಅಪ್ಪನ ಜೊತೆ ಮಾತಾಡುವುದು ನನ್ನ ಕಿವಿಗೆ ಬಿತ್ತು. ಅಪ್ಪ ಸ್ಪೀಕರ್ ಹಾಕಿಕೊಂಡೇ ಮಾತಾಡುವವರು. "ದೂರದಿಂದ ಅವಳಿಗೆ ಆಗಲ್ಲ ಕಣೋ. ಮುಂದಿನ ವಾರ ಮೊದಲ್ನೇ ನಂಬರ್ ತೆಗೆಸಿ ಇವಳ ಚಿಕ್ಕಮ್ಮಂದೇ ಹಾಕ್ಸಿ. ಎಂಗೇಜ್ ಇದ್ರೂ ಸರಿ, ಕಣ್ಣೆದುರು ಇರ್ತಾಳಲ್ಲ. ಆ ಚಿಕ್ಕೋಳು ನಾಕು ವರ್ಷ ಒಂದ್ ದಿನಾನೂ ಹಿಂಗ್ ಮಾಡಿರ್ಲಿಲ್ಲ."

ಆ ಕೊನೆಯ ವಾಕ್ಯವನ್ನು ನಾನು ಬರೆದಿಡಲಿಲ್ಲ. ಬರೆಯದೆಯೂ ಉಳಿದಿದೆ.

ನಂಬರ್ ತೆಗೆದರೂ ಫೋನ್ ನನ್ನದೇ ಆಗಿರುತ್ತಿತ್ತು. ಮೆಸೇಜು, ಫೋಟೋ, ಎಲ್ಲ ಇರುತ್ತಿತ್ತು. ನಾಲ್ಕು ವರ್ಷದ ಹಿಂದೆ ನನಗೆ ಬೇಕಾಗಿದ್ದದ್ದು ಅಷ್ಟೇ. ಈಗ ಅಷ್ಟು ಸಾಲುತ್ತಿರಲಿಲ್ಲ. ಏಳನೇ ತರಗತಿಯಲ್ಲಿ ಅವಳಿಗೆ ಕೊಟ್ಟದ್ದನ್ನು ಡಿಗ್ರಿಗೆ ಬಂದ ನನ್ನಿಂದ ಹಿಂದಕ್ಕೆ ಪಡೆಯುತ್ತಿದ್ದರು. ಮುಂದಿನ ವಾರ ಎಂದರೆ ನಡುವೆ ಒಂದೇ ಭಾನುವಾರ. ಹಾಸ್ಟೆಲಿನಲ್ಲಿ ಮನೆಯವರನ್ನು ಬಿಡುವುದು ಭಾನುವಾರ ಮಾತ್ರ.

ಅಮ್ಮ ಚಕ್ಕುಲಿ ಕಟ್ಟಿಕೊಟ್ಟರು. ಹಾಸ್ಟೆಲಿನ ಅಂಗಳದಲ್ಲಿ ಹೊಂಗೆ ಮರದ ಸುತ್ತ ಕಲ್ಲು ಬೆಂಚುಗಳು. ಒಂದೊಂದು ಬೆಂಚಿನಲ್ಲಿ ಒಂದೊಂದು ಸಂಸಾರ. ಬಾಗಿಲ ಬಳಿ ವಾರ್ಡನ್ ಕುರ್ಚಿ ಹಾಕಿಕೊಂಡು ಕೂತಿದ್ದರು. "ಮಕ್ಕಳ ಕೈಗೆ ಫೋನ್ ಕೊಡಂಗಿಲ್ಲ" ಎಂದು ಒಳಗೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು.

ಅವಳು ಓಡಿ ಬಂದಳು. ತೆಳ್ಳಗಾಗಿದ್ದಳು. ಕೂತ ಕೂಡಲೇ ಚಕ್ಕುಲಿಯ ಕಡೆ ನೋಡಲಿಲ್ಲ, ನನ್ನ ಕೈ ನೋಡಿದಳು.

"ಈ ಕವರ್ ಎಲ್ಲಿ ಸಿಕ್ತಕ್ಕ? ಇದ್ರ ಮಾಡೆಲ್ಲೇ ನಿಂತೋಗೈತೆ. ಗುಬ್ಬಿಲೆಲ್ಲ ಹುಡ್ಕಿದೀನಿ ನಾನು."

"ಮೊದ್ಲೇ ಇತ್ತು" ಅಂದೆ.

"ಮೊದ್ಲೇ ಅಂದ್ರೆ?"

ನಾನು ಚಕ್ಕುಲಿಯ ಡಬ್ಬಿಯನ್ನು ಅವಳ ಮುಂದೆ ತೆರೆದಿಟ್ಟೆ. ಅವಳು ಬೆರಳ ತುದಿಯಿಂದ ನೀಲಿಯನ್ನು ಸವರಿ, ವಾರ್ಡನ್ ಕಡೆ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು ದುಪಟ್ಟಾದೊಳಗೆ ಇಟ್ಟುಕೊಂಡಳು. ಆ ಕೈಯನ್ನು ನಾನು ಬಲ್ಲೆ. ಶಿರಾ ಗೇಟಿನ ತಳ್ಳುಗಾಡಿಯ ಮುಂದೆ ನನ್ನ ಕೈಯೂ ಹಾಗೇ ಹಿಂದಕ್ಕೆ ಬರುತ್ತಿತ್ತು. ನನಗೆ ಅದರಿಂದ ಸಂತೋಷವಾಗಬೇಕಾಗಿತ್ತು. ಸ್ವಲ್ಪ ಆಯಿತು ಕೂಡ.

"ಮೋಟ್ರಣ್ಣ ಹೆಂಗವ್ನೆ?" ಕೇಳಿದಳು.

ರಾಗಿಯ ವಿಷಯ ಅವಳಿಗೆ ಯಾರೂ ತಿಳಿಸಿರಲಿಲ್ಲ. ನಾನೇ ಹೇಳಿದೆ. ನಂಬರ್ ತೆಗೆಯುವುದನ್ನೂ ಹೇಳಿದೆ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. "ಅಮ್ಮ ಕೋಳಿಗೆ ಹಬ್ಬ ಅಂದಿರ್ಬೇಕು."

"ನಗ್ಬೇಡ ಕಣೇ."

"ಇಲ್ಲ ಬುಡು." ಒಂದು ಚಕ್ಕುಲಿ ಮುರಿದಳು.

ನಾನು ಕೇಳಬೇಕಾದದ್ದನ್ನು ಕೇಳಲು ಆ ಚಕ್ಕುಲಿ ಪೂರ್ತಿ ಮುಗಿಯಬೇಕಾಯಿತು. "ನೀನ್ ಹೆಂಗ್ ಮಾಡ್ತಿದ್ದೆ?" ಅಂದೆ. ಅವಳ ಮುಖ ನೋಡದೆ, ಮರದ ಬುಡ ನೋಡುತ್ತಾ.

"ಏನು?"

"ಮೋಟ್ರು. ನಾನ್ ಇಲ್ಲಿಂದ ಹೋಗ್ ನೋಡಕ್ಕಾಗಲ್ವಲ್ಲ."

"ಅಮ್ಮಂಗೆ ಮಾಡು."

"ಎಂಗೇಜಿರುತ್ತೆ. ಅಷ್ಟರಲ್ಲಿ ಇದು ಕಟ್ಟಾಗುತ್ತೆ."

ಅವಳು ನನ್ನ ಕಡೆ ಪೂರ್ತಿ ತಿರುಗಿದಳು. "ಮೊದಲ್ನೇ ಸಲನೇ ಎತ್ತುತೀಯಾ ನೀನು?"

"ಮತ್ತೆ?"

"ಅಯ್ಯೋ ಅಕ್ಕ. ಅದು ಮೂರ್ ಸಲ ಮಾಡ್ತದೆ. ಮೊದಲ್ನೇದು ಎತ್ತಲೇಬಾರ್ದು. ಹೊಡ್ಕೊಳ್ಳಿ ಅಂತ ಬುಟ್‌ಬುಡ್ಬೇಕು. ಅಷ್ಟೊತ್ತಿಗೆ ಅಮ್ಮನೋ ಅಜ್ಜಿನೋ ಯಾರಾನ ಸಿಗ್ತಾರೆ. ಯಾರೂ ಸಿಗ್ಲಿಲ್ವಾ, ಅವತ್ತು ಎತ್ತಲೇಬ್ಯಾಡ. ತೆಂಗಿನ್ ಮರ ಒಂದಿನಕ್ಕೆ ಸತ್ತೋಗಲ್ಲ."

ದಸರೆಯ ಆ ಬೆಳಿಗ್ಗೆ, ಮೊರ ಕೊಡವಿ ನಿಧಾನಕ್ಕೆ ನಡೆದು ಹೋಗಿದ್ದವಳು ನೆನಪಾದಳು. ಹನ್ನೆರಡು ವರ್ಷದವಳು, ಕೈಯಲ್ಲಿ ಬಡಿದುಕೊಳ್ಳುವ ಫೋನು. ಎತ್ತದೆ ಇರಲು ಅವಳಿಗೆ ಆಗಲೇ ಆಗುತ್ತಿತ್ತು. ನನಗೆ ಹದಿನೆಂಟಕ್ಕೂ ಆಗುತ್ತಿರಲಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂಬುದು ನನ್ನನ್ನು ಹೆಚ್ಚು ಉರಿಸಿತು. ಹೇಳಿಕೊಟ್ಟಿದ್ದರೆ, ನನಗೂ ಹೇಳಿಕೊಡಬಹುದಿತ್ತಲ್ಲ ಎಂದಾದರೂ ದೂರಬಹುದಿತ್ತು.

ಆಗಲೇ ಫೋನ್ ಬಡಿದುಕೊಂಡಿತು. ಕಡಬ ಬೋರ್‌ವೆಲ್.

ನನ್ನ ಹೆಬ್ಬೆರಳು ಮೊದಲೇ ಹೊರಟಿತ್ತು. ಅವಳು ಮುಟ್ಟಲಿಲ್ಲ, ಮುಟ್ಟುವಂತಿರಲಿಲ್ಲ. "ಊಂಹೂಂ" ಅಂದಳು ಅಷ್ಟೇ. ನಾನು ಫೋನನ್ನು ನಮ್ಮಿಬ್ಬರ ನಡುವೆ ಕಲ್ಲು ಬೆಂಚಿನ ಮೇಲಿಟ್ಟೆ. ಅದು ನಡುಗುತ್ತಾ ಚಕ್ಕುಲಿಯ ಡಬ್ಬಿಯ ಕಡೆ ಸರಿಯಿತು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ವಾರ್ಡನ್ ಕುರ್ಚಿಯಿಂದ ಕತ್ತು ಉದ್ದ ಮಾಡಿ, "ಯಾರ್ದಮ್ಮ ಅದು, ಎತ್ಬಾರ್ದಾ?" ಅಂದರು.

"ನಮ್ ಮೋಟ್ರು ಮೇಡಂ" ಅಂದಳು ಅವಳು.

ನಿಂತಿತು. ಚಿಕ್ಕಮ್ಮನಿಗೆ ಮಾಡಿದೆ. ಎಂಗೇಜ್. ಅಜ್ಜಿಗೆ ಮಾಡಿದೆ. ಅಜ್ಜಿ ಎತ್ತಿ, ನಾನು ಯಾರು ಎಂದು ತಿಳಿದು, ಊಟ ಆಯಿತೇ ಎಂದು ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದರು: "ಚಿಕ್ಕಪ್ಪ ಪಾತಿಗೆ ಗೊಬ್ಬರ ಹಾಕ್ತಾವ್ನೆ ಕಣವ್ವ, ಕೊನೆ ಸಾಲು ಐತೆ. ತಡಿ, ಕೇಳ್ತೀನಿ." ಫೋನನ್ನು ಹಾಗೇ ಹಿಡಿದುಕೊಂಡು ತೋಟದ ಕಡೆ ಕೂಗಿದರು. ದೂರದಿಂದ ಚಿಕ್ಕಪ್ಪನ ದನಿ ಬಂತು. ಸ್ವಲ್ಪ ಹೊತ್ತು ತಡೆದು ಹಾಕಬಹುದಂತೆ. ನಂತರ ಆ ದನಿ ಇನ್ನೂ ಏನೋ ಕೇಳಿತು. ಅಜ್ಜಿ ಹೇಳಿದರು: "ಯಾರು ಕೇಳ್ತಿರೋದು, ಚಿಕ್ಕೋಳಾ ಅಂತಾವ್ನೆ."

"ಅಲ್ಲ, ನಾನು ಅಂತ ಹೇಳಿ" ಅಂದೆ.

ಅಜ್ಜಿ ಅದನ್ನೂ ಕೂಗಿ ಹೇಳಿದರು. ಆಮೇಲೆ "ಸರಿ, ನಂಬ್ರು ಅವಳ್ದೇ ಇರ್ಲಿ ಅಂತ ಹೇಳು, ಅಕ್ಕಂಗೆ ನಾನ್ ಹೇಳ್ತೀನಿ" ಎಂಬುದು ಅಜ್ಜಿ ಮತ್ತೆ ಹೇಳುವ ಮೊದಲೇ ನನಗೆ ಕೇಳಿಸಿತು.

ಫೋನನ್ನು ಮತ್ತೆ ಬೆಂಚಿನ ಮೇಲಿಟ್ಟೆ. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಇನ್ನೊಂದು ಚಕ್ಕುಲಿ ಮುರಿದು ಅರ್ಧ ನನಗೆ ಕೊಟ್ಟಳು. ಇಬ್ಬರೂ ಆ ನೀಲಿ ಕವರಿನ ಕಡೆ ನೋಡುತ್ತಾ ಕೂತೆವು. ಸಂಸಾರಗಳು ಒಂದೊಂದಾಗಿ ಎದ್ದು ಹೋಗುತ್ತಿದ್ದವು. ಎಷ್ಟು ಹೊತ್ತಿಗೆ ಮತ್ತೆ ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಯಾವತ್ತೂ ಕಾದಿರಲಿಲ್ಲವಲ್ಲ.

ಅವಳು ತಲೆಯೆತ್ತಿ, ದೂರದಲ್ಲಿ ಬರುತ್ತಿರುವ ಬಸ್ಸಿನ ಸದ್ದು ಕೇಳಿಸಿಕೊಳ್ಳುವವಳ ಹಾಗೆ, "ಈಗ ಮಾಡ್ತಾನೆ ನೋಡು" ಅಂದಳು.

ಮಾಡಿತು. ಎತ್ತಿ ಒಂದನ್ನು ಒತ್ತಿದೆ. ಅವಳಿಗೆ ಅದು ಹೇಗೆ ಗೊತ್ತಾಯಿತು ಎಂದು ಬಸ್ಸಿನಲ್ಲಿ ಮನೆಯವರೆಗೂ ಹೊಟ್ಟೆ ಉರಿಯುತ್ತಿತ್ತು.